ಅಳುವ ಹಾಡಿನಲ್ಲಿ ಬಸ್ಸಿನ ಹಾರ್ನ್

ನಿವೃತ್ತಿ ಎಂದರೆ ಶಾಲು, ಹಾರ, ಗೋಡೆ ಗಡಿಯಾರ, ಮೊಣಕಾಲು ನೋವು ಇಷ್ಟೂ ಇರಬೇಕೆಂದು ಜನ ತಿಳಿದಿದ್ದಾರೆ. ನನ್ನ ಪಾಲಿಗೆ ಮೊಣಕಾಲು ನೋವು ಮಾತ್ರ ಬಂದಿದೆ. ನನಗೀಗ ಮೂವತ್ತೆರಡು. ಮದುವೆಯ ಮಾತು ಎದ್ದಾಗ ಅವ್ವ ಇಪ್ಪತ್ತೆಂಟು ಅನ್ನುತ್ತಾಳೆ. ಆ ಲೆಕ್ಕ ಹಿಡಿದರೆ ನಾನು ಇನ್ನೂ ಬೇಗ ನಿವೃತ್ತನಾದೆ. ಕಲಘಟಗಿಯಲ್ಲಿ ಅಕ್ಕನ ಗಂಡನ ಸೈಕಲ್ ಅಂಗಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೊದಲು ಪೇಟಿಗೆ ಗಾಳಿ ತುಳಿಯುತ್ತಿದ್ದೆ, ಈಗ ಸೈಕಲ್ಲಿಗೆ ಗಾಳಿ ಹೊಡೆಯುತ್ತೇನೆ. ಗಾಳಿಯ ಮೇಲೆ ಬದುಕುವ ಯೋಗ ನನ್ನ ಹಣೆಯಲ್ಲೇ ಇರಬೇಕು.

ನಾಟಕದ ಪೇಟಿ ಮಾಸ್ತರನಾಗಬೇಕೆಂದು ಈಚೆಗೆ ಯಾರಾದರೂ ಹೊರಟಿದ್ದರೆ ಅವರಿಗೆಂದು ಈ ನಾಲ್ಕು ಮಾತು. ಯಾರೂ ಹೊರಟಿಲ್ಲದಿದ್ದರೆ, ಪಂಕ್ಚರ್ ತೆಗೆಯುವ ತನಕ ಬೆಂಚಿನ ಮೇಲೆ ಕಾಯುವ ಗಿರಾಕಿಗಳು ಓದಲಿ.

ಪೇಟಿ ಎಂದರೆ ಹಾರ್ಮೋನಿಯಂ. ನಮ್ಮದು ಕಾಲಪೇಟಿ: ಮೇಲೆ ಎರಡು ಕೈಗಳಿಂದ ಬಾರಿಸಬೇಕು, ಕೆಳಗೆ ಎರಡು ಕಾಲುಗಳಿಂದ ಗಾಳಿ ತುಳಿಯಬೇಕು. ಕಾಲು ನಿಂತರೆ ಸುರವೂ ನಿಂತಿತು. ಹುಬ್ಬಳ್ಳಿಯಲ್ಲಿ ಒಬ್ಬ ಪಾದ್ರಿಯವರ ಮನೆಯಲ್ಲಿ ಒಮ್ಮೆ ಪಿಯಾನೋ ನೋಡಿದ್ದೆ. ಸಾಹುಕಾರ ಬೀಗರನ್ನು ಕಂಡ ಹಾಗಾಯಿತು. ಸಂಬಂಧ ಇದೆ, ಆದರೆ ಅವರು ಮಾತಾಡಿಸುವುದಿಲ್ಲ.

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಾರೆ. ಮಾಸ್ತರ ಮುಂಚಿತವಾಗಿ ಹೋಗಿ ಊರಲ್ಲಿ ಕೂತು ತಾಲೀಮು ಮಾಡಿಸಬೇಕು, ಹಾಡುಗಳಿಗೆ ಮಟ್ಟು, ಅಂದರೆ ಧಾಟಿ, ಕಟ್ಟಬೇಕು, ಆಟದ ದಿನ ಪೇಟಿ ಬಾರಿಸಬೇಕು. ಮಟ್ಟು ಕಟ್ಟುವುದು ಅರ್ಧ ಕೆಲಸ. ಕಟ್ಟಿದ್ದು ಕಣ್ಣೆದುರೇ ಬೀಳುವಾಗ, ಅದು ಬೀಳುತ್ತಿಲ್ಲ, ಕುಣಿಯುತ್ತಿದೆ ಎಂದು ಜನರನ್ನು ನಂಬಿಸುವುದು ಉಳಿದ ಅರ್ಧ.

ನನಗೆ ಇದನ್ನು ಕಲಿಸಿದವರು ಅಣ್ಣಿಗೇರಿಯ ಗುರಸಿದ್ದಪ್ಪ ಮಾಸ್ತರು. ನಮ್ಮೂರಿಗೆ ನಾಟಕ ಕಲಿಸಲು ಬಂದಿದ್ದರು. ಅವರಿಗೊಂದು ಕೆಮ್ಮಿತ್ತು; ಪ್ರತಿ ಹಾಡಿನ ಮುಂಚೆ ಗಂಟಲೊಳಗೆ ಗಾಡಿ ತಿರುಗಿಸಿದ ಹಾಗೆ ಕೆಮ್ಮುತ್ತಿದ್ದರು. ಆಗ ಹುಡುಗನಾಗಿದ್ದ ನಾನು ತಾಲೀಮು ನಡೆಯುವ ಶಾಲೆಯ ಗೋಡೆಯ ಹಿಂದೆ ನಿಂತು, ಅವರು ಕೆಮ್ಮುವ ಮುಂಚೆಯೇ ಅವರ ಕೆಮ್ಮು ಕೆಮ್ಮುತ್ತಿದ್ದೆ. ತಾಲೀಮಿಗೆ ಬಂದವರು ನಗುತ್ತಿದ್ದರು. ಮೂರನೆಯ ಸಲ ಮಾಸ್ತರು ಕೈ ನಿಲ್ಲಿಸಿದರು.

"ಯಾಂವಲೇ ಅಂವಾ?"

"ನಾನ್ರಿ, ಯಲ್ಲಪ್ಪ."

"ಇನ್ನೊಮ್ಮೆ ಕೆಮ್ಮು."

ಏಟು ಬೀಳುತ್ತದೆಂದು ತಿಳಿದೇ ಕೆಮ್ಮಿದೆ. ಅವರು ಪೇಟಿಯ ಎರಡನೆಯ ಕರಿ ಮನೆ, ಅಂದರೆ ಕರಿ ಕೀ, ಒತ್ತಿದರು. ನನ್ನ ಕೆಮ್ಮೂ ಅದೂ ಒಂದೇ ಸುರ.

"ನೋಡ್ರಿಲೇ, ನನ್ನ ಕೆಮ್ಮ ಈ ಮಗ ಅಗದಿ ಕರಿ ಎರಡಕ್ಕ ಹಿಡದಾನ! ನಾಳಿಯಿಂದ ಬಾರಲೇ. ನಿನ್ನ ಕಿಡಿಗೇಡಿತನಕ್ಕ ಒಂದು ಕೆಲಸಾ ಹಚ್ಚೂಣು."

ಹೀಗೆ ಒಂದು ಕೆಮ್ಮಿನಿಂದ ನನ್ನ ವೃತ್ತಿ ಶುರುವಾಯಿತು. ಮಾಸ್ತರು ಲಿಂಗ ಕಟ್ಟಿದ ಮನೆತನದವರು, ನಾನು ಊರಾಚೆಯ ಓಣಿಯವನು. ನಮ್ಮೂರಿನ ಆಟ ಮುಗಿದ ಮೇಲೆ ಪಾಠ ಅಣ್ಣಿಗೇರಿಯಲ್ಲಿ, ಅವರ ಮನೆಯ ಕಟ್ಟೆಯ ಮೇಲೆ. ನೀರಡಿಸಿದರೆ ಬೀದಿಯ ನಳಕ್ಕೆ ಹೋಗಬೇಕು. ಅದನ್ನು ಅವರು ಬದಲಿಸಲಿಲ್ಲ, ನಾನು ಕೇಳಲಿಲ್ಲ. ಪೇಟಿಯನ್ನು ಮಾತ್ರ ಇಬ್ಬರೂ ಮುಟ್ಟುತ್ತಿದ್ದೆವು.

ಅವರು ಕಲಿಸಿದ್ದರಲ್ಲಿ ಒಂದು ಮಾತು ಹೇಳುತ್ತೇನೆ. ಉಳಿದದ್ದೆಲ್ಲ ಬೈಗುಳ.

"ಲೇ ಯಲ್ಲ್ಯಾ, ನಾಟಕದಾಗ ಹಾಡಾಂವ ಕುಡದ ಬಂದ ಮನಷ್ಯಾ ಇದ್ದಂಗ. ಅಂವ ಯಾ ಕಡೆ ವಾಲತಾನೋ ಆ ಕಡೆ ನೀ ಹೆಗಲ ಕೊಡಬೇಕು. ನಾ ಹೇಳಿದ ದಾರ್ಯಾಗ ನಡಿ ಅಂದೆಂದ್ರ ಗಟಾರಕ್ಕ ಬೀಳ್ತಾನ. ಅಂವ ಬಿದ್ರ ಜನಾ ನಗೂದು ನಿನಗ."

ನವಲಗುಂದದ ಕಡೆಯ ಒಂದು ಊರಲ್ಲಿ ಅವರ ಬದಲಿಗೆ ಮೊದಲ ಸಲ ನಾನು ಪೇಟಿಗೆ ಕೂತೆ. ಅವರು ಕೆಳಗೆ ಜಮಖಾನದ ಮೇಲೆ ಕೂತು ನೋಡುತ್ತಿದ್ದರು. ಎರಡನೆಯ ದೃಶ್ಯಕ್ಕೇ ಪೇಟಿಯ ಒಂದು ಬಿಳಿ ಮನೆ ಒಳಗೆ ಸಿಕ್ಕಿಕೊಂಡಿತು. ಕಾಲು ತುಳಿದರೆ ಸಾಕು, ಅದು ಒಂದೇ ಸಮನೆ ಕುಂಯ್ ಅನ್ನುತ್ತಿತ್ತು, ತಾಯಿ ಬಿಟ್ಟ ಕರುವಿನ ಹಾಗೆ. ಬಿಚ್ಚಿ ನೋಡಲು ಪುರುಸೊತ್ತಿಲ್ಲ. ಮಾಸ್ತರು ಕಟ್ಟಿದ ಮಟ್ಟುಗಳನ್ನೆಲ್ಲ ಬಿಟ್ಟೆ. ಆ ಹಾಳು ಸುರವನ್ನೇ ಮನೆಯ ಹಿರಿಯನನ್ನಾಗಿ ಕೂರಿಸಿ, ಉಳಿದ ಸುರಗಳನ್ನು ಅದರ ಸುತ್ತ ಓಡಾಡಿಸಿ, ಅಲ್ಲಲ್ಲೇ ಹೊಸ ಮಟ್ಟು ಕಟ್ಟುತ್ತ ಹೋದೆ. ನಟರಿಗೆ ಗೊತ್ತಾಗಲೇ ಇಲ್ಲ. ಅವರು ಹೇಗೂ ಕಲಿಸಿದ್ದನ್ನು ಹಾಡುತ್ತಿರಲಿಲ್ಲ.

ಆಟ ಮುಗಿದ ಮೇಲೆ ಮಾಸ್ತರು ಬಂದರು. "ನನ್ನ ಮಟ್ಟು ಒಂದೂ ಬಾರಸಲಿಲ್ಲ ಮಗನ."

"ಹೌದ್ರಿ."

"ಚಲೋ ಆತು."

ನನ್ನ ಹತ್ತಿರ ಇರುವ ಸರ್ಟಿಫಿಕೇಟು ಇದೊಂದೇ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಬರುವುದಿಲ್ಲ.

ಅಲ್ಲಿಂದ ಮುಂದೆ ಎಪ್ಪತ್ತರ ಇಸವಿಯ ಆಸುಪಾಸಿನಿಂದ ನಾನೂ ಮಾಸ್ತರನಾದೆ. ಜೊತೆಗೆ ತಬಲಾ ಬಾರಿಸಲು ಕುಂದಗೋಳದ ಖಾದರಸಾಬ. ಅವನದು ಮಾತು ಕಡಿಮೆ. ಮಾತಿನ ಜಾಗದಲ್ಲೂ ತಬಲಾದ ಮೇಲೆ ಒಂದು ಬೆರಳು ಬಡಿಯುತ್ತಿದ್ದ. ನನಗೆ ಯಾವುದೇ ಮಟ್ಟನ್ನು ಎರಡು ಸಲ ಒಂದೇ ಥರ ಬಾರಿಸಿ ಗೊತ್ತಿಲ್ಲ. ಬರುತ್ತಿರಲಿಲ್ಲ ಎಂದೇ ಹೇಳಬೇಕು. ಹಾಡುವವನು ದಿನಕ್ಕೊಂದು ಥರ ವಾಲಿದರೆ ಹೆಗಲೂ ದಿನಕ್ಕೊಂದು ಕಡೆ ಹೋಗಬೇಕಲ್ಲ.

ವಾಲುವವರಲ್ಲಿ ಹಿರಿಯರು ಚನಬಸನಗೌಡರು. ಬಮ್ಮಿಗಟ್ಟಿಯ ಆಚೆಗಿನ ಒಂದು ಊರು ಅವರದು. ಹೆಸರು ಬೇಡ, ಆ ಊರಿನವರ ಸೈಕಲ್ಲುಗಳು ನಮ್ಮ ಅಂಗಡಿಗೇ ಬರುತ್ತವೆ. ಊರಲ್ಲಿ ಯಾವ ನಾಟಕವಾದರೂ ಗೌಡರೇ ಹೀರೋ. ಕಥೆಯಲ್ಲಿ ಕಾಲೇಜು ಹುಡುಗನಿದ್ದರೆ ಮೀಸೆಗೆ ಇನ್ನಷ್ಟು ಮಸಿ ಹಚ್ಚಿಕೊಂಡು ಕಾಲೇಜು ಹುಡುಗರಾಗುತ್ತಿದ್ದರು. ಹಾಡನ್ನು ಎಲ್ಲಿಂದ ಎತ್ತುತ್ತಾರೆ ಎಂಬುದು ಅವರಿಗೂ ಗೊತ್ತಿರುತ್ತಿರಲಿಲ್ಲ. ಶಬ್ದದ ನಡುವೆಯೇ ಉಸಿರು ಮುಗಿದು, ಬಾಗಿಲು ಕಿರುಗುಟ್ಟಿದ ಹಾಗೆ 'ಹ್ಞಾಂ' ಎಂದು ಇನ್ನೊಂದು ಉಸಿರು ಎಳೆಯುತ್ತಿದ್ದರು. ನಾನು ಆ 'ಹ್ಞಾಂ'ದ ಜಾಗ ಮೊದಲೇ ಹಿಡಿದು, ಅಲ್ಲೊಂದು ಎಳೆತ ಎಳೆದು ಮುಚ್ಚುತ್ತಿದ್ದೆ.

ಆಟ ಮುಗಿದ ಮೇಲೆ ಗೌಡರು ಬೆವರು ಒರೆಸಿಕೊಳ್ಳುತ್ತ ಬರುವರು. "ಮಾಸ್ತರ, ಇವತ್ತ ನಾ ಒಂದು ಸುರಾನೂ ಬಿಡಲಿಲ್ಲ ನೋಡು."

"ಬಿಡಲಿಲ್ರಿ ಗೌಡ್ರ. ಇದ್ದಬದ್ದ ಎಲ್ಲಾ ಸುರಾನೂ ಹಾಡಿದ್ರಿ."

ಖಾದರಸಾಬ ತಬಲಾದ ಗವಸಿನೊಳಗೆ ಮುಖ ಹಾಕುತ್ತಿದ್ದ. ಗೌಡರು ಸಂತೋಷದಿಂದ ಚಹಾ ತರಿಸುತ್ತಿದ್ದರು. ಅವರೆಲ್ಲರಿಗೂ ಮನೆಯ ಕಪ್ಪು-ಬಸಿ, ನನಗೆ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿರುವ ನನ್ನದೇ ಒಂದು ಕಪ್ಪು. ಕರೆಯುವುದು 'ಮಾಸ್ತರ', ಮಾತಾಡಿಸುವುದು 'ನೀ'. ನಾನು ಅವರ ನಡಿಗೆ, ಅವರ 'ಹ್ಞಾಂ', ಅವರು ಮೀಸೆ ಮುಟ್ಟಿ ನೋಡಿಕೊಳ್ಳುವ ರೀತಿ ಎಲ್ಲವನ್ನೂ ನಮ್ಮ ಓಣಿಯಲ್ಲಿ ಮಾಡಿ ತೋರಿಸಿ ಜನರನ್ನು ನಗಿಸುತ್ತಿದ್ದೆ. ಅದು ನನ್ನ ಸೇಡು ಎಂದುಕೊಂಡಿದ್ದೆ. ಸೇಡು ತೀರಿಸಿಕೊಂಡವನು ಮರುದಿನ ಅದೇ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದ.

ನಾಯಕಿಯ ಪಾತ್ರಕ್ಕೆ ಹುಬ್ಬಳ್ಳಿಯಿಂದ ಸುಶೀಲಾಬಾಯಿ ಬರುವರು. ಆಟದ ದಿನ ಮಧ್ಯಾಹ್ನ ಬಸ್ಸಿಳಿದು, ಟ್ರಂಕು ಇಟ್ಟು, ನೇರ ನನ್ನ ಹತ್ತಿರ. "ಮಾಸ್ತರ್ರ, ಗಂಟಲಾ ಇವತ್ತ ಅಡ್ಡ ಮಲಗೇತಿ. ನೀವ ಎಬ್ಬಸ್ಕೊಂತ ನಡೀಬೇಕು." ತಾಲೀಮು ಇಲ್ಲ, ಏನಿಲ್ಲ. ಮೊದಲ ಸಾಲನ್ನು ಮೆಲ್ಲಗೆ ಗುನುಗಿ ತೋರಿಸುವರು, ಅಷ್ಟೇ. ಆಮೇಲೆ ರಂಗದ ಮೇಲೆ ಅವರು ಒಂದು ಕಡೆ ಹೊರಳಿದರೆ ನಾನು ಹಿಂದೆ, ನಾನೊಂದು ಹೊಸ ಸಂದಿ ಹೊಕ್ಕರೆ ಅವರು ನನ್ನ ಹಿಂದೆ. ಕೆಲವು ಸಲ ಹಾಡು ಎಲ್ಲಿಗೋ ಹೋಗಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಜನರಿಗೆ ಅದೂ ನಾಟಕವೇ. ಈ ಕೆಲಸದಲ್ಲಿ ಸುಖ ಎಂದು ನಾನು ಕರೆಯುವುದು ಅದನ್ನೇ. ಬೇರೆ ಸುಖ ಸಿಕ್ಕಿದ್ದರೆ ಹೇಳುತ್ತಿದ್ದೆ.

ಇನ್ನು ಟೇಪಿನ ವಿಷಯ.

ಗೌಡರ ಅಳಿಯ ಮುಂಬಯಿಯಿಂದ ಒಂದು ಟೇಪ್‌ರಿಕಾರ್ಡರು ತಂದ. ಆ ವರ್ಷ ಅಣ್ಣ ತಮ್ಮಂದಿರ ಒಂದು ಸಾಮಾಜಿಕ ನಾಟಕ. ತಮ್ಮ ಸತ್ತಾಗ ಅಣ್ಣ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಿ ಅಳಬೇಕು. ಅಣ್ಣ ಯಾರೆಂದು ಹೇಳಬೇಕಾಗಿಲ್ಲ. ಒಂದು ಮಧ್ಯಾಹ್ನ ಗೌಡರು ತಾಲೀಮು ನಡೆಯುತ್ತಿದ್ದ ಶಾಲೆಗೆ ಬಂದರು.

"ಮಾಸ್ತರ, ನಾವು ಹಾಡೂದಿಲ್ಲ. ನೀ, ಖಾದರಸಾಬ ಇಬ್ಬರ ಕೂಡಿ ಎಲ್ಲಾ ಹಾಡೂ ಒಮ್ಮೆ ಬಾರಸ್ರಿ. ಟೇಪ್ ಮಾಡ್ಕೋತೀವಿ. ಮನ್ಯಾಗ ಕುಂತ ತಾಲೀಮ ಮಾಡಾಕ ಅನುಕೂಲ ಆಕ್ಕೈತಿ."

"ಹಾಡಾವ್ರಿಲ್ದ ಹೆಂಗ್ರಿ ಗೌಡ್ರ? ಯಾರ ಹಿಂದ ಹೋಗ್ಲಿ ನಾ?"

"ನೀ ನಕಲಿ ಮಾಡಾವಲ್ಲೇನ? ನಾವು ಹಾಡಾಕತ್ತೀವಿ ಅಂತ ತಿಳಕೊಂಡ ಬಾರಸು."

ಆ ಸವಾಲು ನನಗೆ ಸವಿಯಾಯಿತು. ಕಣ್ಣು ಮುಚ್ಚಿ, ಗೌಡರನ್ನೂ ಸುಶೀಲಾಬಾಯಿಯನ್ನೂ ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಬಾರಿಸಿದೆ. ಗೌಡರ 'ಹ್ಞಾಂ' ಬರುವಲ್ಲಿ ಎಳೆದೆ, ಸುಶೀಲಾಬಾಯಿ ಹೊರಳುವಲ್ಲಿ ಹೊರಳಿದೆ. ಅಳುವ ಹಾಡಿನ ನಡುವೆ ಹೊರಗೆ ಹುಬ್ಬಳ್ಳಿ ಬಸ್ಸು ಬಂತು. ಅದರ ಡ್ರೈವರ್ ರಬ್ಬರ್ ಹಾರ್ನನ್ನು ವಿಚಿತ್ರವಾಗಿ ಒತ್ತುತ್ತಿದ್ದ. ಮೊದಲು ಒಂದು ಉದ್ದ, ಆಮೇಲೆ ಬಿಕ್ಕಿದ ಹಾಗೆ ಎರಡು ಗಿಡ್ಡ. ನನ್ನ ಕೈಗೆ ತುರಿಕೆ. ಪೇಟಿಯ ಮೇಲೆ ಅದೇ ಹಾರ್ನ್ ಹೊಡೆದೆ. ಖಾದರಸಾಬ ನಗು ತಡೆಯಲಾರದೆ ತಬಲಾ ತಪ್ಪಿಸಿ, ಮತ್ತೆ ಹಿಡಿದ. ಟೇಪು ಎಲ್ಲವನ್ನೂ ನುಂಗಿತು.

ಆ ವರ್ಷದ ಆಟ ನಾನೇ ಬಾರಿಸಿದೆ. ಮರುವರ್ಷ ಸುಗ್ಗಿ ಮುಗಿದರೂ ಗೌಡರಿಂದ ಕರೆ ಬರಲಿಲ್ಲ. ಅದೇ ನಾಟಕವನ್ನು ಮತ್ತೆ ಆಡುತ್ತಿದ್ದಾರೆ, ಮೈಕಿನ ಮುಂದೆ ಟೇಪು ಹಚ್ಚುತ್ತಾರೆ ಎಂದು ಖಾದರಸಾಬ ಸುದ್ದಿ ತಂದ. ಇಬ್ಬರೂ ಹೋಗಿ ಜನರ ನಡುವೆ ಕೂತೆವು. ಗೌಡರು ಎಂದಿನಂತೆ ಎಲ್ಲಿಂದಲೋ ಎತ್ತಿದರು; ಟೇಪು ತನ್ನ ದಾರಿಯಲ್ಲಿ ಹೋಯಿತು. ಅವರು ಎಡಕ್ಕೆ ವಾಲಿದರೆ ನನ್ನ ಪೇಟಿ ಬಲಕ್ಕೆ. ನಾನು ಕೂತಲ್ಲೇ ತೊಡೆಯ ಮೇಲೆ ಬೆರಳಾಡಿಸಿ ಅವರನ್ನು ಹಿಡಿಯಲು ನೋಡುತ್ತಿದ್ದೆ. ಮುಂದೆ ಕೂತ ಒಬ್ಬ ಹಿರಿಯರು ಬಾಜೂಕಿನವರಿಗೆ ಹೇಳಿದರು: "ಗೌಡ್ರು ಚಲೋನ ಹಾಡಾಕತ್ತಾರ. ಪೇಟಿಯಾಂವ ತಪ್ಪಾಕತ್ತಾನ ನೋಡು."

ನಾನು ಪೇಟಿಯ ಮುಂದೆಯೇ ಇಲ್ಲದೆ ತಪ್ಪಿದೆ! ಆದರೂ ಒಳಗೊಳಗೆ ಹಿಗ್ಗಿದೆ. ಮುಂದಿನ ಸಲ ಕರೆಯದೆ ಎಲ್ಲಿ ಹೋಗುತ್ತಾರೆ ಎಂದು ಖಾದರಸಾಬನ ಬೆನ್ನು ತಟ್ಟಿದೆ.

ಕರೆಯಲಿಲ್ಲ. ಗೌಡರು ಮನೆಯಲ್ಲಿ ಕೂತು ಟೇಪಿನ ಹಿಂದೆ ನಡೆಯಲು ಕಲಿತರು. ಕುಡಿದ ಮನುಷ್ಯ ನೆಟ್ಟಗೆ ನಡೆಯತೊಡಗಿದ. ಹೆಗಲಿನ ಕೆಲಸ ಮುಗಿಯಿತು. ನನ್ನನ್ನು ಎಂದೂ ಒಳಗೆ ಕರೆಯದ ಅವರ ಪಡಸಾಲೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಮೇಲೆ ಟೇಪು ಕೂತಿತ್ತಂತೆ. ನಾನು ಬಾರಿಸಿದ್ದು ಒಳಗೆ, ಬಾರಿಸಿದವನು ಹೊರಗೆ. ಒಂದರಿಂದ ಇನ್ನೊಂದು ಟೇಪು ಮಾಡಿಕೊಂಡು ನವಲಗುಂದ, ಕುಂದಗೋಳದ ಕಡೆಯ ಊರುಗಳೂ ಅದೇ ನಾಟಕ ಆಡಿದವು. ನನ್ನ ಕೈ ಆ ಊರುಗಳಿಗೆಲ್ಲ ಹೋಗಿ ಬಂತು. ಬಸ್ ಚಾರ್ಜು ಕೂಡ ಕೇಳಲಿಲ್ಲ. ಸುಶೀಲಾಬಾಯಿಗೆ ಟೇಪಿನ ಜೊತೆ ಹಾಡಲು ಬರಲಿಲ್ಲ. "ಅದು ನನ್ನ ಮಾರಿ ನೋಡೂದಿಲ್ರಿ ಮಾಸ್ತರ್ರ, ನಾ ಹೆಂಗ ಹಾಡ್ಲಿ?" ಎಂದರು ಒಮ್ಮೆ ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಸಿಕ್ಕಾಗ. ಅವರ ಬದಲಿಗೆ ಬೇರೆ ಹುಡುಗಿ ಬಂದಳು. ಚಂದ ಇದ್ದಳು, ತಪ್ಪುತ್ತಿರಲಿಲ್ಲ.

ಹೋದ ವರ್ಷ ಗೌಡರ ಮನೆಯಿಂದ ಆಳು ಬಂದ. ಟೇಪನ್ನು ಮಷೀನು ಅಗಿದು ಹಾಕಿದೆ, ಹ್ಯಾಂಡ್‌ಬಿಲ್ಲಿನಲ್ಲಿ ನಿನ್ನ ಹೆಸರು ಹಾಕಿದ್ದಾರೆ, ಬರಬೇಕಂತೆ. ನಾನು ಅಂಗಿಗೆ ಇಸ್ತ್ರಿ ಮಾಡಿಸಿದೆ. ಖಾದರಸಾಬನನ್ನು ಎಬ್ಬಿಸಿಕೊಂಡು, ಪೇಟಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ. ಇಷ್ಟು ದಿನ ಬೇರೆ ಯಾವ ಊರೂ ಕರೆದಿರಲಿಲ್ಲ. ಈ ಆಟ ಗೆದ್ದರೆ ಮತ್ತೆ ಮಾಸ್ತರ. ಇಲ್ಲದಿದ್ದರೆ ಸೈಕಲ್ ಅಂಗಡಿ. ಅಕ್ಕನ ಗಂಡ ಆಗಲೇ ನನಗಾಗಿ ಒಂದು ಸ್ಟೂಲು ಖಾಲಿ ಮಾಡಿಟ್ಟಿದ್ದ.

ಅದೇ ಅಣ್ಣ ತಮ್ಮಂದಿರ ನಾಟಕದ ತಾಲೀಮು ಶುರುವಾಯಿತು. ಗೌಡರು ಎತ್ತಿದರು, ಕರಾರುವಾಕ್ಕಾಗಿ. ನನಗೆ ಗಾಬರಿ. ವಾಲದ ಮನುಷ್ಯನಿಗೆ ಹೆಗಲು ಕೊಡುವುದು ಹೇಗೆ? ಕೈ ತನ್ನ ಚಾಳಿ ಬಿಡದೆ ಒಂದು ಹೊಸ ಸಂದಿ ಹೊಕ್ಕಿತು. ಗೌಡರು ನಿಂತರು.

"ಮಾಸ್ತರ, ತಪ್ಪ ಬಾರಸಾಕತ್ತೀ."

"ನಾ ಕಟ್ಟಿದ್ದ ಮಟ್ಟ್ರೀ ಇದು, ಗೌಡ್ರ."

"ಕಟ್ಟಿದಾಂವ ನೀನ, ಮರತಾಂವನೂ ನೀನ. ಟೇಪಿನ್ಯಾಗ ಹಿಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆಯವರ ಮೇಲೆ ನಗಿಸಿ ಉಂಡವನಿಗೆ ಅದು ರೂಢಿ. ಅಳುವ ಹಾಡು ಬಂತು. ಗೌಡರು ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುತ್ತಾ ಹಾಡುತ್ತಾ ತಟ್ಟನೆ ಸುಮ್ಮನಾದರು. ಬಲಗೈ ಮೇಲೆತ್ತಿ, ಕಣ್ಣು ಮುಚ್ಚಿ ಕಾದರು. ಸುತ್ತ ನಿಂತ ತಂಗಿ, ತಾಯಿ, ಪೊಲೀಸ್ ಪೇದೆ ಎಲ್ಲರೂ ಕೈ ಎತ್ತಿ ಕಾದರು. ಹೆಣವೂ ಒಂದು ಕಣ್ಣು ತೆರೆದು ನನ್ನತ್ತ ನೋಡಿತು.

"ಹಾರ್ನ್ ಎಲ್ಲಿ ಮಾಸ್ತರ?" ಅಂದರು ಗೌಡರು.

"ಯಾ ಹಾರ್ನ್‌ರಿ?"

"ಯಾ ಹಾರ್ನ್ ಅಂತೀಯಲ್ಲೋ! ಪೋಂ… ಪೊಂ ಪೊಂ. ಅಲ್ಲೇ ನಾವು ಎದಿ ಬಡ್ಕೋಬೇಕು. ಅಲ್ಲೇ ಹೆಣ್ಮಕ್ಕಳು ಕಣ್ಣ ಒರಸ್ಕೋತಾರ."

"ಗೌಡ್ರ, ಅದು ಚಾಷ್ಟಿ. ಅವತ್ತ ಬಸ್ ಬಂದಿತ್ತು, ಹೊಡದೆ. ಅಳೂ ಹಾಡಿನ್ಯಾಗ ಹಾರ್ನ್ ಯಾಕ ಬೇಕ್ರಿ?"

ಗೌಡರು ನನ್ನನ್ನು ಮರುಕದಿಂದ ನೋಡಿದರು. "ಅದ ಬೇಕು ಮಾಸ್ತರ. ಅದರಾಗ ಜೀವ ಐತಿ."

ಹೊಡೆದೆ. ಹಾಗಲ್ಲ ಅಂದರು. ಮತ್ತೆ ಹೊಡೆದೆ. ತಂಗಿಯ ಪಾತ್ರದವನು ಗಿಡ್ಡದ್ದು ಇನ್ನೂ ಗಿಡ್ಡ ಬೇಕು ಅಂದ. ಪೊಲೀಸ್ ಪೇದೆ ಬಾಯಿಂದಲೇ ಮಾಡಿ ತೋರಿಸಿದ. ಅವನದು ನನ್ನದಕ್ಕಿಂತ ಚೆನ್ನಾಗಿತ್ತು. ಸಂಜೆಗೆ ಕುಂದಗೋಳದ ಕಡೆಯಿಂದ ಒಂದು ನಕಲು ಟೇಪು ತರಿಸಿದರು. ಈಗ ನೋಡಿ, ನಾನೇ ಸರಿ ಎಂದು ಗೊತ್ತಾಗುತ್ತದೆ ಎಂದು ಕೈ ಕಟ್ಟಿ ಕೂತೆ. ಟೇಪು ಹಾಡಿತು. ಅವರೇ ಸರಿ. ಆ ಎಳೆತ, ಆ ಹೊರಳು, ಆ ಹಾರ್ನಿನ ಹಿಂದಿದ್ದ ಕಿಡಿಗೇಡಿ ನಗು, ಯಾವುದೂ ಈಗಿನ ನನ್ನ ಕೈಯಲ್ಲಿರಲಿಲ್ಲ. ಗುರುವಿನ ಕೆಮ್ಮು ನನಗೆ ಬರುತ್ತದೆ, ಗೌಡರ 'ಹ್ಞಾಂ' ಬರುತ್ತದೆ, ಬಸ್ಸೂ ಬರುತ್ತದೆ. ನನ್ನ ನಕಲಿ ಮಾತ್ರ ನನಗೆ ಬರಲಿಲ್ಲ.

"ಇರಲಿ ಬಿಡು," ಅಂದರು ಗೌಡರು. "ಆಟಕ್ಕ ಟೇಪ್ ಹಚ್ಚೂಣು. ಆದರ ಹ್ಯಾಂಡ್‌ಬಿಲ್ಲಿನ್ಯಾಗ ನಿನ್ನ ಹೆಸರೈತಿ, ಜನಕ್ಕ ಮಾಸ್ತರ ಕಾಣಬೇಕು. ನೀನು, ಖಾದರಸಾಬ ಇಬ್ಬರೂ ಮುಂದ ಕುಂದರ್ರಿ. ಕೈ ಆಡಸ್ರಿ, ಸಪ್ಪಳ ಮಾಡಬ್ಯಾಡ್ರಿ."

ಎದ್ದು ಬಂದೆ ಎಂದು ಬರೆಯಬಹುದಿತ್ತು. ಕೂತೆ. ಸುರಗಳಿಗೆ ಗಾಳಿ ಬಿಡುವ ಪೇಟಿಯ ಎಲ್ಲ ಗುಬಟಿಗಳನ್ನು ಒಳಗೆ ತಳ್ಳಿ ಬಾಯಿ ಮುಚ್ಚಿಸಿ, ಬಣ್ಣದ ಬಲ್ಬಿನ ಕೆಳಗೆ ಕೂತು ಆಟ ಮುಗಿಯುವ ತನಕ ನನ್ನ ಟೇಪಿಗೆ ಕೈ ಆಡಿಸಿದೆ. ತಲೆ ತೂಗಿದೆ. ಸಿಳ್ಳೆ ಬಿದ್ದಾಗ ಕೈ ಮುಗಿದೆ. ಅಳುವ ಹಾಡಿನಲ್ಲಿ ಹಾರ್ನ್ ಬಂತು. ಗೌಡರು ಎದೆ ಬಡಿದುಕೊಂಡರು. ಮುಂದಿನ ಸಾಲಿನ ಹೆಣ್ಣುಮಕ್ಕಳು ನಿಜವಾಗಿಯೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಟೇಪಿನೊಳಗೆ ಖಾದರಸಾಬ ತಬಲಾ ತಪ್ಪಿಸಿದ. ನನ್ನ ಬಾಜೂ ಕೂತ ಖಾದರಸಾಬ ಅದೇ ಜಾಗದಲ್ಲಿ, ನಗದೆ, ಕೈ ತಪ್ಪಿಸಿದ.

ಮುಗಿದ ಮೇಲೆ ಗೌಡರು ಎಲ್ಲರ ಮುಂದೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಭಾಳ ಚಲೋ ಬಾರಸಿದ್ರಿ ಮಾಸ್ತರ್ರ. ಇಷ್ಟ ವರ್ಷದಾಗ ಇವತ್ತ ನೀವು ಒಂದೂ ತಪ್ಪಲಿಲ್ಲ."

ಅವರು ನನಗೆ 'ನೀವು' ಅಂದದ್ದು ಅದೇ ಮೊದಲು. ಅವರಿಗೆ ನೆನಪಿಲ್ಲವೋ, ಜನರ ಮುಂದೆ ಹಾಗೆ ಅಂದರೋ, ಅಥವಾ ನಿಜವಾಗಿಯೇ ನಂಬಿದ್ದರೋ, ನಾನು ಅವರ ಮುಖ ನೋಡಿದೆ, ತಿಳಿಯಲಿಲ್ಲ. ಮುಖ ಓದುವುದೇ ಕಸುಬಾಗಿದ್ದವನಿಗೆ ತಿಳಿಯಲಿಲ್ಲ.

ಬಸ್ಸಿಗೆ ಕಾಯುವಾಗ ಖಾದರಸಾಬ ಬಾಯಿ ಬಿಟ್ಟ. "ಯಲ್ಲಪ್ಪಾ, ನಿನ್ನ ಕಾಲು ನಿಂತಿದ್ವು."

"ಯಾವಾಗ?"

"ಎರಡನೇ ಹಾಡಿನಿಂದ."

ನನಗೆ ಗೊತ್ತೇ ಇರಲಿಲ್ಲ. ಪೇಟಿ ತುಳಿಯದೆ ಕಾಲುಗಳನ್ನು ಕಲ್ಲಿನ ಹಾಗೆ ಇಟ್ಟು ಕೂತಿದ್ದೇನೆ, ಇಡೀ ಊರು ಎದುರಿಗೇ ಕೂತು ನೋಡಿದೆ, ಸಿಳ್ಳೆ ಹೊಡೆದಿದೆ. ಗಾಳಿಯಿಲ್ಲದೆ ಸುರ ಎಲ್ಲಿಂದ ಎಂದು ಒಬ್ಬರೂ ಕೇಳಲಿಲ್ಲ.

ಮರುದಿನವೇ ಸ್ಟೂಲಿನ ಮೇಲೆ ಬಂದು ಕೂತೆ. ಪೇಟಿ ಮಾಸ್ತರಾಗಲು ಹೊರಟವರಿಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ನನಗೆ ಗೊತ್ತಿರುವುದು ಇಷ್ಟು: ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪು ನಿಲ್ಲಿಸಿ ನೋಡಿ. ಗಿರಾಕಿ ಕೂಡಲೇ "ಯಾಕ್ರಿ ನಿಂತ್ರಿ?" ಅನ್ನುತ್ತಾನೆ.